ಹೆಬ್ಬೆರಳುದ್ದದ ರೈಫಲ್‌ಗಳು: ಒಂದು ಪೆನ್ ಕ್ಲಿಪ್ ಪೊಟ್ಟಣದ ವಿಮರ್ಶೆ

ಲೇತ್ ಮೇಲೆ ಮರದ ಪೆನ್ ಕಡೆಯಲು ಶುರು ಮಾಡಿ ಏಳು ವರ್ಷ ಆಯಿತು. ಮರ, ಆಕಾರ, ಪಾಲಿಶ್ ಎಲ್ಲ ನನ್ನ ಕೈಯಲ್ಲೇ ಇರುತ್ತದೆ. ಕ್ಲಿಪ್ ಮಾತ್ರ ಕೊಂಡೇ ತರಬೇಕು. ಈ ಸಲ ದೊಡ್ಡಪ್ಪನಿಗೆ ಒಂದು ಪೆನ್ ಮಾಡಿಕೊಡೋಣ ಅಂತ ರೈಫಲ್ ಆಕಾರದ ಕ್ಲಿಪ್‌ಗಳ ಪೊಟ್ಟಣ ತರಿಸಿದೆ. ಐದು ಕ್ಲಿಪ್, ಐದೂ ಬೇರೆ ಬೇರೆ.

ದೊಡ್ಡಪ್ಪ ಹಳೆಯ ರೈಫಲ್‌ಗಳ ಬಗ್ಗೆ ಚೆನ್ನಾಗಿ ಓದಿಕೊಂಡವರು. ಪೆನ್ ಕೈಗಿಟ್ಟರೆ ಬರೆದು ನೋಡುವ ಮೊದಲೇ "ಇದು ಯಾವ ರೈಫಲ್ಲೋ?" ಅಂತ ಕೇಳುತ್ತಾರೆ. ಪೊಟ್ಟಣದ ಚೀಟಿ ನೋಡಿದರೆ ಒಂದಕ್ಕೆ ಮಾತ್ರ ಹೆಸರಿತ್ತು: ವಿಂಚೆಸ್ಟರ್ 94. ಉಳಿದ ನಾಲ್ಕಕ್ಕೂ "ಸೇನಾ ರೈಫಲ್" ಅಂತ ಒಂದೇ ಮಾತು.

ಹಾಗಾಗಿ ನಾನೇ ಗುರುತಿಸಲು ಕೂತೆ. ಇದನ್ನು ಮೊದಲೇ ಮಾಡಬೇಕು. ಕ್ಲಿಪ್ಪಿನ ಬಳೆಯನ್ನು ಪೆನ್ನಿನ ತಲೆಗೆ ಒತ್ತಿ ಕೂರಿಸಿದ ಮೇಲೆ ಬಿಚ್ಚುವುದು ಬಹಳ ಕಷ್ಟ, ಬಿಚ್ಚಲು ಹೋಗಿ ಮರ ಸೀಳಿದ್ದೂ ಇದೆ. ಬಿಳಿ ಹಾಳೆಯ ಮೇಲೆ ಕ್ಲಿಪ್ ಇಟ್ಟು, ಪಕ್ಕದಿಂದ ಟಾರ್ಚ್ ಬಿಟ್ಟು, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಇಷ್ಟು ಚಿಕ್ಕ ಎರಕದಲ್ಲಿ ಅಕ್ಷರ, ಮುದ್ರೆ ಏನೂ ಉಳಿದಿರುವುದಿಲ್ಲ. ಉಳಿಯುವುದು ಹೊರಗೆರೆ ಮಾತ್ರ. ಮೂತಿ ಹೇಗಿದೆ, ಮ್ಯಾಗಜೀನ್ (ಗುಂಡು ಇರುವ ಪೆಟ್ಟಿಗೆ) ಎಷ್ಟು ಕೆಳಗೆ ಇಳಿದಿದೆ, ಗುಂಡನ್ನು ಒಳಗೆ ತಳ್ಳುವ ಬೋಲ್ಟಿನ ಹಿಡಿ ಎಲ್ಲಿದೆ. ಈ ಮೂರನ್ನು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಮೊದಲು ಸಿಕ್ಕಿದ್ದು ಲೀ-ಎನ್‌ಫೀಲ್ಡ್. ಅದರ ಮೂತಿ ಮೊಂಡು. ಬ್ಯಾರೆಲ್ ಹೊರಗೆ ಚಾಚಿಲ್ಲ, ಲೋಹದ ಟೋಪಿಯ ಅಂಚಿಗೇ ಮುಗಿಯುತ್ತದೆ. ಟ್ರಿಗರ್ ಮುಂದೆ ಹತ್ತು ಗುಂಡಿನ ಮ್ಯಾಗಜೀನ್ ಇಳಿದಿದೆ, ಬೋಲ್ಟ್ ಹಿಡಿ ಟ್ರಿಗರ್ ಮೇಲಕ್ಕೇ ಬಂದು ಕೂತಿದೆ. ಇದು 1907ರ ಮಾರ್ಕ್ 3ರ ಮುಖ. ನಂತರದ ನಂಬರ್ 4 ಆಗಿದ್ದರೆ ಬ್ಯಾರೆಲ್ ತುದಿ ಹೊರಗೆ ಇಣುಕುತ್ತಿತ್ತು. ಎರಕ ಹೊಯ್ದವರು ಅಷ್ಟು ಸಣ್ಣ ವ್ಯತ್ಯಾಸವನ್ನೂ ಉಳಿಸಿದ್ದಾರೆ, ನೋಡಿ ಬಹಳ ಖುಷಿಯಾಯಿತು.

ಮೊಸಿನ್-ನಾಗಂತ್ ಗುರುತಿಸಲು ನಿಮಿಷ ಸಾಕಾಯಿತು. 1891ರ ವಿನ್ಯಾಸ, ನೀಳ ದೇಹ, ಟ್ರಿಗರ್ ಮುಂದೆಯೇ ಕೋನಾಕಾರದ ಪುಟ್ಟ ಮ್ಯಾಗಜೀನ್. ಗರಾಂಡ್ ಕೂಡ ಸುಲಭ: ಮ್ಯಾಗಜೀನ್ ಹೊರಗೆ ಕಾಣುವುದೇ ಇಲ್ಲ, ಬ್ಯಾರೆಲ್ ತುದಿಯ ಕೆಳಗೆ ಗ್ಯಾಸ್ ಸಿಲಿಂಡರ್ ಇದೆ. ಅಮೆರಿಕದ ಸೇನೆ ಇದನ್ನು ಒಪ್ಪಿಕೊಂಡದ್ದು 1936ರಲ್ಲಿ. ಇದರ ಎಂಟು ಗುಂಡುಗಳು ಒಂದು ಲೋಹದ ಕ್ಲಿಪ್ಪಿನಲ್ಲಿ ಜೋಡಿಸಿದ ಹಾಗೇ ಒಳಗೆ ಹೋಗುತ್ತವೆ. ಕೊನೆಯ ಗುಂಡು ಹಾರಿದ ಮೇಲೆ ಆ ಕ್ಲಿಪ್ ತಾನೇ ಚಿಮ್ಮಿ ಹೊರಗೆ ಬರುತ್ತದೆ.

ತೊಂದರೆ ಇದ್ದದ್ದು ನಾಲ್ಕನೆಯದರಲ್ಲಿ. ಹಿಂಬದಿಯ ಮರದಲ್ಲಿ ಪಟ್ಟಿ ತೂರಿಸುವ ಸೀಳು, ಮರದೊಳಗೇ ಅಡಗಿದ ಮ್ಯಾಗಜೀನ್, ಕೆಳಕ್ಕೆ ಬಾಗಿದ ಬೋಲ್ಟ್ ಹಿಡಿ: ಇದು 1935ರ ಮೌಸರ್ 98ಕೆ, ಅನುಮಾನ ಇಲ್ಲ. ಆದರೆ ಏನೋ ಸರಿ ಕಾಣಲಿಲ್ಲ. ಎರಡು ಸಲ ತಿರುಗಿಸಿ ನೋಡಿದ ಮೇಲೆ ಗೊತ್ತಾಯಿತು. ಉಳಿದ ಕ್ಲಿಪ್‌ಗಳಲ್ಲಿ ರೈಫಲ್ಲನ್ನು ನೆಟ್ಟಗೆ ಅಡ್ಡ ಹಿಡಿದರೆ ಮೂತಿ ಬಲಕ್ಕೆ ಬರುತ್ತದೆ. ಇದರಲ್ಲಿ ಎಡಕ್ಕೆ. ಅಂದರೆ ಕಾಣುತ್ತಿರುವುದು ರೈಫಲ್ಲಿನ ಎಡಮೈ. ಮೌಸರ್‌ನ ಬೋಲ್ಟ್ ಹಿಡಿ ಇರುವುದು ಬಲಮೈಯಲ್ಲಿ, ಅಲ್ವಾ? ಇಲ್ಲಿ ಎಡಮೈ ಮೇಲೇ ಕೂತಿದೆ! ಅಚ್ಚು ತಯಾರಿಸುವಾಗ ಚಿತ್ರ ಕನ್ನಡಿಯ ಬಿಂಬದ ಹಾಗೆ ತಿರುಗಿಹೋಗಿದೆ. ಗೊತ್ತಿದ್ದವರ ಕಣ್ಣಿಗೆ ಇದು ಕೂಡಲೇ ಚುಚ್ಚುತ್ತದೆ.

ಕೊನೆಗೆ ಹೆಸರು ಬರೆದಿದ್ದ ವಿಂಚೆಸ್ಟರ್ 94. ಇದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಕೆಳಗೆ ಲಿವರ್ ಇದೆ, ಹಿಂದೆ ಹ್ಯಾಮರ್ ಇದೆ, ಇನ್ನೇನು ಬೇಕು ಅಂದುಕೊಂಡೆ. ದೊಡ್ಡಪ್ಪ ಭೂತಗನ್ನಡಿ ಹಿಡಿದು ನೋಡಿ, "ಇದು ತೊಂಬತ್ನಾಲ್ಕು ಅಲ್ವಲ್ಲೋ. ಮುಂಗೈ ಹಿಡಿಯೋಕೆ ಮರ ಎಲ್ಲಿದೆ ತೋರಿಸು" ಅಂದರು. ಇರಲಿಲ್ಲ. ಪಕ್ಕದಲ್ಲಿ ಗುಂಡು ತುಂಬುವ ಬಾಗಿಲೂ ಇರಲಿಲ್ಲ. ಅದು 1860ರ ಹೆನ್ರಿ ರೈಫಲ್. ಅದಕ್ಕೆ ಗುಂಡು ತುಂಬುವುದು ಬ್ಯಾರೆಲ್ ಕೆಳಗಿನ ಕೊಳವೆಯ ಮುಂತುದಿಯಿಂದ. ಪಕ್ಕದ ಬಾಗಿಲು, ಮುಂದಿನ ಮರ ಎರಡೂ ಬಂದದ್ದು 1866ರ ವಿಂಚೆಸ್ಟರ್‌ನಲ್ಲಿ. ಜಾನ್ ಬ್ರೌನಿಂಗ್ ವಿನ್ಯಾಸದ 94ರಲ್ಲೂ ಅವೆರಡೂ ಇವೆ. ಚೀಟಿ ಬರೆದವರು ಮೂವತ್ತಕ್ಕಿಂತ ಜಾಸ್ತಿ ವರ್ಷ ಹಾರಿಬಿಟ್ಟಿದ್ದಾರೆ. ಆದರೆ ಎರಕ ಮಾತ್ರ ಅಚ್ಚುಕಟ್ಟು. ಐದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಕ್ಲಿಪ್ ಆಗಿ ಹೇಗಿವೆ? ಸ್ಪ್ರಿಂಗ್ ಬಿಗಿ ಚೆನ್ನಾಗಿದೆ, ದಪ್ಪ ಬಟ್ಟೆಯ ಜೇಬನ್ನೂ ಕಚ್ಚಿ ಹಿಡಿಯುತ್ತವೆ. ಲೀ-ಎನ್‌ಫೀಲ್ಡ್‌ನ ಮ್ಯಾಗಜೀನ್ ಮೂಲೆ ಮಾತ್ರ ಜೇಬಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನಯವಾದ ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿದೆ, ಸರಿಹೋಯಿತು. ಅಲ್ಲಿ ಕಪ್ಪು ಲೇಪ ಸ್ವಲ್ಪ ಹೋಗಿದೆ. ಇನ್ನೊಂದು ಮಾತು: ಬಳೆ ದೊಡ್ಡದು. 7 ಮಿ.ಮೀ. ಕೊಳವೆಯ ತೆಳು ಪೆನ್ ಕಿಟ್‌ಗೆ ಕೂರಲಿಲ್ಲ. ಕೊಳ್ಳುವ ಮೊದಲು ವರ್ನಿಯರ್ ಹಿಡಿದು ನಿಮ್ಮ ಕಿಟ್ ಅಳೆದುಕೊಳ್ಳಿ. ವಿಮಾನ ಹತ್ತುವವರಿಗೆ ಇಂಥ ಪೆನ್ ಉಡುಗೊರೆ ಕೊಟ್ಟರೆ ಮನೆಯಲ್ಲೇ ಇಟ್ಟು ಹೋಗಲು ಹೇಳಿ, ತಪಾಸಣೆಯಲ್ಲಿ ಸುಮ್ನೆ ತಲೆನೋವು.

ಮಾರಿದವರಿಗೆ ಎರಡೂ ತಪ್ಪನ್ನು ಫೋಟೋ ಸಮೇತ ಬರೆದೆ. ತಿರುಗಿದ ಮೌಸರ್ ಬದಲು ಇನ್ನೊಂದು ಗರಾಂಡ್ ಕಳಿಸಿದರು. ಚೀಟಿಯ ಹೆಸರು ಇನ್ನೂ ಬದಲಾಗಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಚೀಟಿ ಸರಿ ಮಾಡಿದ ದಿನ ನಾಲ್ಕೂವರೆ.

ದೊಡ್ಡಪ್ಪ ಹೆನ್ರಿಯನ್ನೇ ಆರಿಸಿಕೊಂಡರು. ಬೀಟೆ ಮರದಲ್ಲಿ ಕಡೆದು, ರೈಫಲ್ಲಿನ ಮೂತಿ ನಿಬ್ಬಿನ ಕಡೆಗೆ ಬರುವಂತೆ ಮರದ ಗೆರೆಗೆ ಸರಿಯಾಗಿ ಒತ್ತಿ ಕೂರಿಸಿದ್ದೇನೆ.