ಫಿಸಿಕ್ಸ್ ಡಿಗ್ರಿ ಮುಗಿಸಿದವರು ‘ಸೋಲಾರ್ ಡಿಸೈನ್’ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಓದಿ

ಫಿಸಿಕ್ಸ್‌ನಲ್ಲಿ ಬಿಎಸ್ಸಿ, ಎಂಎಸ್ಸಿ ಮುಗಿಸಿದವರಿಗೇ ಹುಡುಕಿ ಫೋನ್ ಮಾಡುವ ತರಬೇತಿ ಕೇಂದ್ರಗಳಿವೆ. ಮೂರು ತಿಂಗಳ ಸೋಲಾರ್ ಡಿಸೈನ್ ಕೋರ್ಸು, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಬೆಂಗಳೂರಿನ ಅಂಥದೊಂದು ಕೇಂದ್ರಕ್ಕೆ ಸೇರಿದ ಬ್ಯಾಚಿಗೆ ಆದದ್ದು ಇಷ್ಟು.

ಅರ್ಧ ಫೀಸು ಮೊದಲೇ, ಉಳಿದದ್ದು ‘ಇಎಂಐ’. ಅದು ಕೇಂದ್ರಕ್ಕೆ ಕಟ್ಟುವ ಕಂತು ಅಂದುಕೊಂಡಿದ್ದರು. ಅಸಲಿಗೆ ವಿದ್ಯಾರ್ಥಿಯ ಪ್ಯಾನ್ ಮೇಲೆ ಫೈನಾನ್ಸ್ ಕಂಪನಿಯಿಂದ ಎತ್ತಿದ ಸಾಲ. ಹಣ ಕೇಂದ್ರದ ಕೈ ಸೇರಿಯಾಗಿತ್ತು. ಕ್ಲಾಸು ಬಿಟ್ಟವರಿಗೂ ಕಂತು ತಪ್ಪಲಿಲ್ಲ, ಕಟ್ಟದವರ ಸಿಬಿಲ್ ಸ್ಕೋರು ಕೆಟ್ಟಿತು. ಕಲಿಸಿದ ಪಿವಿಸಿಸ್ಟ್ (ಸೋಲಾರ್ ಘಟಕದ ವಿನ್ಯಾಸ, ಉತ್ಪಾದನೆಯ ಲೆಕ್ಕ ಹಾಕುವ ತಂತ್ರಾಂಶ) 30 ದಿನದ ಉಚಿತ ಆವೃತ್ತಿ, ಕೋರ್ಸು ಅರ್ಧದಲ್ಲಿರುವಾಗಲೇ ಅದು ಮುಗಿಯಿತು. ಪ್ಯಾನೆಲ್‌ಗಳ ವೈರು ಜೋಡಿಸುವ ಎಂಸಿ4 ಕನೆಕ್ಟರನ್ನು ಒತ್ತಿ ಕೂರಿಸುವುದನ್ನು (ಕ್ರಿಂಪ್) ಯಾರ ಕೈಯಲ್ಲೂ ಮಾಡಿಸಲಿಲ್ಲ. ಕೊನೆಗೆ ಸಿಕ್ಕ ‘ಡಿಸೈನ್ ಟ್ರೈನಿ’ ಕೆಲಸ ಏನಪ್ಪಾ ಅಂದರೆ, ಮನೆ ಚಾವಣಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿ ಹೆಸರು ಹೇಳಿ ಮನೆಮನೆಗೆ ಫೋನ್ ಮಾಡುವುದು, ತಿಂಗಳ ಟಾರ್ಗೆಟ್ ಬೇರೆ. ಎರಡು ಆಫರ್ ಬೇಡ ಅಂದರೆ ಗ್ಯಾರಂಟಿ ರದ್ದು ಅನ್ನುವ ಸಾಲು ಒಪ್ಪಂದದ ಸಣ್ಣ ಅಕ್ಷರಗಳಲ್ಲಿತ್ತು.

ಸೇರುವ ಮುಂಚೆ ಪಾಠ ಮಾಡುವವರಿಗೇ ಒಂದು ಲೆಕ್ಕ ಕೇಳಿ. ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟ್ ಹರಿಯದಿರುವಾಗಿನದು) 50 ವೋಲ್ಟ್, ಇನ್ವರ್ಟರ್ ತಡೆಯುವ ಗರಿಷ್ಠ 1000 ವೋಲ್ಟ್. ಒಂದು ಸ್ಟ್ರಿಂಗಿಗೆ, ಅಂದರೆ ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿದ ಸಾಲಿಗೆ, ಎಷ್ಟು ಪ್ಯಾನೆಲ್? ಥಟ್ಟನೆ ‘ಇಪ್ಪತ್ತು’ ಅಂದರೆ ಎದ್ದು ಬನ್ನಿ. ಆ 50 ವೋಲ್ಟ್ ಸೆಲ್‌ನ ಉಷ್ಣತೆ 25 ಡಿಗ್ರಿ ಇರುವಾಗಿನದು. ಸಿಲಿಕಾನ್ ತಣ್ಣಗಾದರೆ ಸ್ಯಾಚುರೇಷನ್ ಕರೆಂಟ್ (ಸೆಲ್‌ನೊಳಗೇ ಸೋರುವ ಕರೆಂಟ್) ಕುಸಿದು ವೋಲ್ಟೇಜ್ ಏರುತ್ತದೆ. ಡೇಟಾಶೀಟಿನಲ್ಲಿ ಡಿಗ್ರಿಗೆ ಶೇ 0.27 ಎಂದಿದ್ದರೆ 10 ಡಿಗ್ರಿಯ ಚಳಿಗೆ ಪ್ಯಾನೆಲ್ಲಿಗೆ 52 ವೋಲ್ಟ್, ಇಪ್ಪತ್ತಕ್ಕೆ 1040. ಇನ್ವರ್ಟರ್ ಸುಟ್ಟರೆ ವಾರಂಟಿಯವರು ಮೊದಲು ನೋಡುವುದೇ ಇದನ್ನು. 19 ಹಾಕಿದರೆ 988, ಸರಿಹೋಯಿತು. ಬೇಸಿಗೆಯದ್ದೂ ಕೇಳಿ: ಸೆಲ್ 65 ಡಿಗ್ರಿಗೆ ಕಾದಾಗ, ಡಿಗ್ರಿಗೆ ಶೇ 0.35ರಂತೆ ಪವರ್‌ನಲ್ಲಿ ಶೇ 14 ಹೋಗುತ್ತದೆ. ನಿಜ ಹೇಳಬೇಕೆಂದರೆ ಇದನ್ನು ಅವರಿಗಿಂತ ನೀವೇ ಚೆನ್ನಾಗಿ ವಿವರಿಸಬಲ್ಲಿರಿ.

ಲ್ಯಾಬ್ ತೋರಿಸಿ ಅನ್ನಿ. ಪ್ಯಾನೆಲ್‌ನ ಕರೆಂಟ್–ವೋಲ್ಟೇಜ್ ರೇಖೆ ತೆಗೆಯುವ ಐ–ವಿ ಕರ್ವ್ ಟ್ರೇಸರ್, ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್, ಬಿಸಿಲು ಅಳೆಯುವ ಪೈರನೋಮೀಟರ್ ಇರಬೇಕು. ಬೀರುವಿನಲ್ಲಿ ಇದ್ದರೆ ಸಾಲದು.

‘ಸರ್ಕಾರದ ಮಾನ್ಯತೆ’ ಅಂದರೆ ಕಾಗದ ಕೇಳಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಎರಡೂ ಕೋರ್ಸಿನ ಮಾನ್ಯತೆ ಅಲ್ಲ. ಕೇಂದ್ರ ಸರ್ಕಾರದ ಸೂರ್ಯಮಿತ್ರ ಸೋಲಾರ್ ತರಬೇತಿ ಉಚಿತ, ಅದೂ ಮುಖ್ಯವಾಗಿ ಐಟಿಐ, ಡಿಪ್ಲೊಮಾದವರಿಗೆ. ಆ ಹೆಸರಲ್ಲಿ ಫೀಸು ಕೇಳಿದರೆ ಮೋಸ. ಬಿಎಸ್ಸಿ ಮೇಲೆ ಇಂಥ ಕೋರ್ಸು ಮಾಡಿದ ಮಾತ್ರಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಸೂಪರ್‌ವೈಸರ್ ಪರ್ಮಿಟ್ಟೂ ಸಿಗುವುದಿಲ್ಲ.

ಫಿಸಿಕ್ಸ್ ಓದಿದವರಿಗೆ ಬೆಲೆ ಇರುವುದು ಬೇರೆ ಕಡೆ. ಸೆಲ್, ಬ್ಯಾಟರಿ ಪರೀಕ್ಷಿಸುವ ಲ್ಯಾಬುಗಳು, ಬಿಸಿಲು–ಗಾಳಿಯ ಅಂದಾಜು, ಪಾವಗಡದಂಥ 2050 ಮೆಗಾವಾಟ್ ಪಾರ್ಕುಗಳಲ್ಲಿ ಯಾವ ಸ್ಟ್ರಿಂಗು ಯಾಕೆ ಕಡಿಮೆ ಕೊಡುತ್ತಿದೆ ಎಂದು ದತ್ತಾಂಶದಿಂದ ಹಿಡಿಯುವ ಕೆಲಸ. ಇದಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಬೇಕು. ಅದರಲ್ಲಿ ಸೋಲಾರ್ ಲೆಕ್ಕ ಮಾಡುವ ‘ಪಿವಿಲಿಬ್’ ಪುಕ್ಕಟೆ ಸಿಗುತ್ತದೆ, ಪಿವಿಸಿಸ್ಟ್ ಅವಧಿ ಮುಗಿಯಿತು ಅನ್ನುವ ಗೋಳೂ ಇಲ್ಲ. ಎಂಎಸ್ಸಿ ಆದವರು ಇಂಧನ ಬಳಕೆಗೆ ಸಂಬಂಧಿಸಿದ ಕೆಲಸದಲ್ಲಿ ಮೂರು ವರ್ಷ ಕಳೆದ ಮೇಲೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ನಡೆಸುವ ಎನರ್ಜಿ ಆಡಿಟರ್ (ಇಂಧನ ಬಳಕೆಯ ಲೆಕ್ಕ ಪರಿಶೋಧಕ) ಪರೀಕ್ಷೆಗೆ ಕೂರಬಹುದು. ಪದವಿಯಲ್ಲಿ ಗಣಿತ ಇದ್ದಿರಬೇಕು.

ಈಗಾಗಲೇ ಸಹಿ ಹಾಕಿದ್ದರೆ ಸಾಲದ ಪತ್ರ ಇವತ್ತೇ ತೆಗೆದು ನೋಡಿ. ಡಿಜಿಟಲ್ ಸಾಲಕ್ಕೆ ಆರ್‌ಬಿಐ ನಿಯಮದಂತೆ ‘ಕೂಲಿಂಗ್ ಆಫ್’ ಅವಧಿ ಇರಲೇಬೇಕು. ಅಷ್ಟರೊಳಗೆ ಅಸಲನ್ನೂ ಆ ದಿನಗಳ ಬಡ್ಡಿಯನ್ನೂ ತೀರಿಸಿ ದಂಡವಿಲ್ಲದೆ ಹೊರಬರಬಹುದು. ಅವಧಿ ಮೀರಿದ್ದರೆ ಜಾಹೀರಾತು, ವಾಟ್ಸ್ಆ್ಯಪ್ ಮಾತುಕತೆ, ರಸೀದಿ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮೂಲ ಮಾರ್ಕ್ಸ್ ಕಾರ್ಡ್ ಮಾತ್ರ ಯಾರಿಗೂ ಕೊಟ್ಟುಬರಬೇಡಿ.