ಟ್ರೆಲ್ಲೋನಾ, ಮೈಕ್ರೋಸಾಫ್ಟ್ ಪ್ರಾಜೆಕ್ಟಾ, ಜಿರಾನಾ?

ಯಾವ ಕೆಲಸ ಎಲ್ಲಿಗೆ ಬಂತು ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್‌ಗಳು ಇವು. ಮೂರನ್ನೂ ಬಳಸಿ ನೋಡಿದ್ದೇನೆ, ಮೂರು ಬೇರೆ ಬೇರೆ ಕೆಲಸಕ್ಕೆ. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮಲ್ಲಿ ಒಂದು ಕೆಲಸ ಇನ್ನೊಂದಕ್ಕೆ ಕಾಯುತ್ತದಾ?

ನಮ್ಮ ತಿಂಗಳ ಸುದ್ದಿಪತ್ರಕ್ಕೆ ಟ್ರೆಲ್ಲೋ. ಒಂದು ಲೇಖನಕ್ಕೆ ಒಂದು ಕಾರ್ಡ್. 'ಬರೆಯಬೇಕು', 'ತಿದ್ದಬೇಕು', 'ಮುಗೀತು' ಅಂತ ಮೂರು ಪಟ್ಟಿ. ಕಾರ್ಡನ್ನು ಎಳೆದು ಪಕ್ಕದ ಪಟ್ಟಿಗೆ ಹಾಕಿದರೆ ಆಯಿತು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒಂದು ಲೇಖನ ತಡವಾದರೆ ಉಳಿದವು ನಿಲ್ಲುವುದಿಲ್ಲ, ಹಾಗಾಗಿ ಇಷ್ಟೇ ಸಾಕು.

ಆಫೀಸು ಬದಲಿಸುವಾಗಲೂ ಇದೇ ಉಪಾಯ ಮಾಡಿದೆ. ಗೋಡೆಗೆ ಚೀಟಿ ಅಂಟಿಸಿ, ಮೂರು ಸಾಲು ಮಾಡಿದೆ. ವೈರಿಂಗ್ ನಾಲ್ಕು ದಿನ ತಡವಾಯಿತು. ಬಣ್ಣದವರು ಮಾತ್ರ ಹೇಳಿದ ದಿನಕ್ಕೇ ಬಂದು ನಿಂತರು. ಅವರಿಗೆ ತಿಳಿಸಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಚೀಟಿಗಳು ಸುಮ್ನೆ ಅಕ್ಕಪಕ್ಕ ಕೂತಿದ್ದವು, ಅಷ್ಟೇ.

ಆ ರಾತ್ರಿಯೇ ಎಲ್ಲವನ್ನೂ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ಗೆ ಹಾಕಿದೆ. ಇದರಲ್ಲಿ ಪ್ರತಿ ಕೆಲಸವೂ ದಿನಾಂಕಗಳ ಎದುರು ಒಂದು ಅಡ್ಡಪಟ್ಟಿಯಾಗಿ ಕಾಣುತ್ತದೆ, ಅದೇ ಗ್ಯಾಂಟ್ ಚಾರ್ಟ್. ಆಟೋ ಶೆಡ್ಯೂಲ್ (ದಿನಾಂಕಗಳನ್ನು ಸಾಫ್ಟ್‌ವೇರೇ ಲೆಕ್ಕ ಹಾಕುವ ಆಯ್ಕೆ) ಇಟ್ಟುಕೊಂಡು ಆ ಚಾರ್ಟ್‌ನಲ್ಲಿ ವೈರಿಂಗ್‌ಗೆ ನಾಲ್ಕು ದಿನ ಸೇರಿಸಿದರೆ, ಅದಕ್ಕೆ ಕೊಂಡಿ ಹಾಕಿದ ಬಣ್ಣ, ಮೇಜು ಎಲ್ಲವೂ ತಾನಾಗಿ ಮುಂದಕ್ಕೆ ಜರುಗುತ್ತವೆ. ಜೊತೆಗೆ ಕ್ರಿಟಿಕಲ್ ಪಾತ್ ಕಾಣುತ್ತದೆ. ಅಂದರೆ ಯಾವ ಕೆಲಸ ತಡವಾದರೆ ಕೊನೆಯ ದಿನವೇ ಮುಂದೆ ಹೋಗುತ್ತದೆ ಅನ್ನುವ ಸರಪಳಿ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯವರ ಕಾರ್ಖಾನೆ ಕೆಲಸಗಳಿಗಾಗಿ ಹುಟ್ಟಿದ ಲೆಕ್ಕ ಇದು. ನಾನು ಹಗಲೂ ರಾತ್ರಿ ತಲೆಕೆಡಿಸಿಕೊಂಡಿದ್ದ ಕುರ್ಚಿಗಳು ಆ ಸರಪಳಿಯಲ್ಲೇ ಇರಲಿಲ್ಲ!

ಒಂದು ಎಚ್ಚರಿಕೆ. ಆಟೋ ಶೆಡ್ಯೂಲ್ ಇಟ್ಟುಕೊಂಡು ಪ್ರತಿ ಸಾಲಿಗೂ ಶುರುವಿನ ದಿನಾಂಕ ಟೈಪ್ ಮಾಡಬೇಡಿ. 'ಇದಕ್ಕಿಂತ ಮುಂಚೆ ಶುರು ಮಾಡಬೇಡ' ಅನ್ನುವ ಕಟ್ಟು ಬೀಳುತ್ತದೆ. ಆಮೇಲೆ ಹಿಂದಿನ ಕೆಲಸ ಬೇಗ ಮುಗಿದರೂ ಮುಂದಿನದು ಹಿಂದಕ್ಕೆ ಬರುವುದಿಲ್ಲ. ಎಷ್ಟು ದಿನ ಬೇಕು, ಯಾವುದರ ನಂತರ ಬೇಕು, ಇಷ್ಟು ಮಾತ್ರ ಕೊಡಿ. ನಾನು ದಿನಾಂಕ ಟೈಪ್ ಮಾಡಿ ಕೂತವನೇ.

ಜಿರಾ ಬಳಸಿದ್ದು ಆ್ಯಪ್ ಕಟ್ಟುವಾಗ. ಅಲ್ಲಿ ಮುಂದಿನ ತಿಂಗಳು ಏನು ಬೇಕಾಗುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ, ಅಲ್ವಾ? ಗ್ಯಾಂಟ್ ಚಾರ್ಟ್ ಹಾಕಿದರೆ ವಾರವಾರ ಅಳಿಸಿ ಬರೆಯಬೇಕು. ಬದಲಿಗೆ ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ನಲ್ಲಿ ಎಲ್ಲವನ್ನೂ ಹಾಕಿಟ್ಟು, ಎರಡು ವಾರದ ಕೆಲಸದ ಸುತ್ತಿಗೆ, ಅಂದರೆ ಒಂದು ಸ್ಪ್ರಿಂಟ್‌ಗೆ ಆಗುವಷ್ಟನ್ನು ಎತ್ತಿಕೊಂಡೆವು. 2002ರಲ್ಲಿ ಶುರುವಾದಾಗ ಜಿರಾ ಬಗ್ (ಸಾಫ್ಟ್‌ವೇರ್ ತಪ್ಪು) ಬರೆದಿಡುವ ಸಾಧನ, ಆ ಗುಣ ಇನ್ನೂ ಇದೆ. ಆದರೆ ಇಬ್ಬರೇ ಇದ್ದರೆ ಇಷ್ಟೆಲ್ಲ ಜಾಸ್ತಿಯಾಯಿತು.

ಒಬ್ಬರೇ ಮಾಡುವ ಹತ್ತಿಪ್ಪತ್ತು ಕೆಲಸಕ್ಕೆ ಈ ಮೂರೂ ಬೇಡ. ನನ್ನ ತೆರಿಗೆ ಕಾಗದಗಳ ಪಟ್ಟಿ ಇವತ್ತಿಗೂ ಎಕ್ಸೆಲ್‌ನಲ್ಲೇ ಇದೆ.