ಫೇರಿ ಸ್ಟಾಕ್‌ಫಿಶ್‌ಗೆ ನಮ್ಮಜ್ಜನ ಚೆಸ್ ಆಡಿಸಿ ನೋಡಿದೆ

ಮೊದಲೇ ಹೇಳಿಬಿಡ್ತೀನಿ, ಇದು ದುಡ್ಡು ಕೊಟ್ಟು ತಗೊಳ್ಳೋ ಐಟಮ್ ಅಲ್ಲ, ಫ್ರೀ, ಓಪನ್ ಸೋರ್ಸ್. ಮಾಮೂಲಿ ಸ್ಟಾಕ್‌ಫಿಶ್ ಅಂತ ಚೆಸ್ ಆಡೋ ಕಂಪ್ಯೂಟರ್ ಪ್ರೋಗ್ರಾಂ, ಅಂದ್ರೆ ಎಂಜಿನ್, ಇದ್ಯಲ್ಲ, ಅದನ್ನೇ ತಗೊಂಡು ಬೇರೆ ಬೇರೆ ಥರದ ಚೆಸ್ ಆಡೋ ಹಾಗೆ ಮಾಡಿರೋದು ಈ ಫೇರಿ ಸ್ಟಾಕ್‌ಫಿಶ್. ಕ್ರೇಜಿಹೌಸ್, ಅಟಾಮಿಕ್, ತ್ರೀ ಚೆಕ್, ಹೋರ್ಡ್, ಅದೂ ಸಾಲದು ಅಂತ ಜಪಾನಿನ ಶೋಗಿ, ಚೀನಾದ ಶಿಯಾಂಗ್‌ಚಿ, ಥಾಯ್ಲೆಂಡಿನ ಮಕ್ರೂಕ್, ಎಲ್ಲಾ ಒಂದೇ ಎಂಜಿನ್ ಒಳಗೆ. ಮಾಮೂಲಿ ಸ್ಟಾಕ್‌ಫಿಶ್‌ಗೆ ಚೆಸ್ 960 (ಹಿಂದಿನ ಸಾಲಿನ ಕಾಯಿಗಳನ್ನ ಕಲಸಿಟ್ಟು ಶುರು ಮಾಡೋ ಆಟ) ಬಿಟ್ರೆ ಬೇರೆ ವೇರಿಯಂಟ್ ಬರಲ್ಲ.

ಆದ್ರೆ ನಾನು ಇದನ್ನ ಇಳಿಸ್ಕೊಂಡಿದ್ದು ಶೋಗಿ ಆಡೋಕಲ್ಲ. ನಮ್ಮನೇಲಿ ಅಜ್ಜ ಆಡ್ತಿದ್ದ ಚೆಸ್ ಇತ್ತು ನೋಡಿ, ಕಾಲಾಳು ಯಾವಾಗ್ಲೂ ಒಂದೇ ಮನೆ ಮುಂದೆ, ಶುರುವಲ್ಲೂ ಎರಡು ಮನೆ ಇಲ್ಲ, ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೇಲಿ ಜಾಗ ಬದಲಿಸೋದು) ಇಲ್ಲ, ಬದಲಿಗೆ ರಾಜನಿಗೆ ಒಂದು ಸಲ ಕುದುರೆ ಥರ ಹಾರೋಕೆ ಪರ್ಮಿಶನ್, ಅದೂ ಅಲ್ಲಿ ತನಕ ಚೆಕ್ ಬಿದ್ದಿಲ್ಲ ಅಂದ್ರೆ ಮಾತ್ರ. ಇಬ್ಬರೂ ಮಂತ್ರಿಯ ಬಲಕ್ಕೇ ರಾಜನ್ನ ಇಡೋದು, ಹಾಗಾಗಿ ರಾಜನ ಎದುರಿಗೆ ರಾಜ ಬರಲ್ಲ, ಮಂತ್ರಿ ಬರ್ತಾನೆ. ಇದು ನಮ್ಮನೆಯೊಂದರದ್ದೇ ಅಂತ ಚಿಕ್ಕವನಿದ್ದಾಗ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಹಳೇ ಕಾಲದ ಇಂಡಿಯನ್ ಚೆಸ್ ಹೆಚ್ಚುಕಮ್ಮಿ ಹೀಗೇ ಇತ್ತು ಅಂತ. ಮೀರ್ ಸುಲ್ತಾನ್ ಖಾನ್ ಇಂಥ ರೂಲ್ಸಲ್ಲೇ ಆಡಿ ಬೆಳೆದವರು, ಇಂಗ್ಲೆಂಡಿಗೆ ಹೋಗಿ 1929, 1932, 1933 ಹೀಗೆ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದ್ರು, ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯವರು ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿದ್ದು ಮಾತ್ರ 2024ರಲ್ಲಿ! ಇರಲಿ.

ಇದಕ್ಕೆ ಮುಂಚೆ ಫೋನಲ್ಲಿ ಒಂದು ಆ್ಯಪ್ ಹಾಕಿದ್ದೆ, ಹೆಸರು ಬೇಡ, ನೂರೆಂಟು ವೇರಿಯಂಟ್ ಅಂತ ಬೋರ್ಡು ಬೇರೆ. ಕ್ರೇಜಿಹೌಸಲ್ಲಿ ಹೊಡೆದ ಕಾಯಿ ನಮ್ಮದಾಗಿ ವಾಪಸ್ ಬೋರ್ಡಿಗೆ ಇಡಬಹುದು. ನಾನು ಹೊಡೆದ ಮಂತ್ರಿ ಮೊದಲು ಕಾಲಾಳಾಗಿದ್ದು ಆಮೇಲೆ ಪ್ರಮೋಟ್ ಆಗಿದ್ದು, ಅಂಥದ್ದು ಕೈಗೆ ಸಿಕ್ಕಾಗ ವಾಪಸ್ ಕಾಲಾಳೇ ಆಗಬೇಕು, ಅದು ರೂಲ್. ಆ ಆ್ಯಪ್ ನನಗೆ ಪೂರ್ತಿ ಮಂತ್ರಿನೇ ಕೊಟ್ಟು ಕೂರಿಸ್ತು, ಮಧ್ಯೆ ರಮ್ಮಿ ಜಾಹೀರಾತು ಬೇರೆ. ಗೆದ್ದೆ, ಆದ್ರೆ ಅದೂ ಒಂದು ಗೆಲುವಾ ಮಾರಾಯ್ರೆ, ಡಿಲೀಟ್ ಮಾಡಿದೆ. ಫೇರಿ ಸ್ಟಾಕ್‌ಫಿಶ್‌ನಲ್ಲಿ ಇದೇ ಪೊಸಿಶನ್ ಕೊಟ್ಟು ನೋಡಿದೆ, ಕರೆಕ್ಟಾಗಿ ಕಾಲಾಳು ಕೊಡ್ತು.

ಸರಿ, ಅಜ್ಜನ ಚೆಸ್ ಕಡೆ ಬರೋಣ. ಈ ಎಂಜಿನ್ನಿನ ಅಸಲಿ ಮಜಾ ಇರೋದು ವೇರಿಯಂಟ್ಸ್ ಡಾಟ್ ಐಎನ್ಐ ಅನ್ನೋ ಒಂದು ಟೆಕ್ಸ್ಟ್ ಫೈಲಲ್ಲಿ. ನೋಟ್‌ಪ್ಯಾಡಲ್ಲಿ ಓಪನ್ ಮಾಡಿ ನಿಮ್ಮ ಆಟದ ಹೆಸರು ಹಾಕಿ, ಮಾಮೂಲಿ ಚೆಸ್ಸಿಂದ ಶುರು ಮಾಡು ಅಂತ ಹೇಳಿ, ಕೆಳಗೆ ಏನೇನು ಬದಲು ಅಂತ ಒಂದೊಂದು ಸಾಲು ಬರೆದ್ರೆ ಮುಗೀತು, ಪ್ರೋಗ್ರಾಮಿಂಗ್ ಬರಬೇಕಂತಿಲ್ಲ. ನಾನು ಬರೆದಿದ್ದು ಡಬಲ್‌ಸ್ಟೆಪ್ ಫಾಲ್ಸ್, ಕ್ಯಾಸಲಿಂಗ್ ಫಾಲ್ಸ್, ಅಂದ್ರೆ ಎರಡು ಮನೆ ನಡೆಯೂ ಇಲ್ಲ, ಕ್ಯಾಸಲಿಂಗೂ ಇಲ್ಲ, ಇಷ್ಟೇ. ಎರಡು ಮನೆ ನಡೆ ಹೋದ್ರೆ ಆನ್ ಪಾಸಾಂ (ಎರಡು ಮನೆ ಹೋದ ಕಾಲಾಳನ್ನ ಒಂದೇ ಮನೆ ಹೋದ ಹಾಗೆ ಪಕ್ಕದ ಕಾಲಾಳು ಹೊಡೆಯೋ ರೂಲ್) ಕೂಡ ತಾನಾಗೇ ಹೋಗ್ತದೆ, ಅದಕ್ಕೆ ಬೇರೆ ಸಾಲು ಬೇಡ.

ಈಗ ಎಂಜಿನ್ನಿಗೆ ನಿಜವಾಗ್ಲೂ ಅರ್ಥ ಆಗಿದ್ಯೋ ಇಲ್ವೋ ಅಂತ ತಿಳಿಯೋದು ಹೇಗೆ? ಅದಕ್ಕೆ ಪರ್ಫ್ಟ್ ಅಂತ ಒಂದು ಕಮಾಂಡ್ ಇದೆ, ಈ ಪೊಸಿಶನ್ನಲ್ಲಿ ಒಟ್ಟು ಎಷ್ಟು ನಡೆ ಸಾಧ್ಯ ಅಂತ ಎಣಿಸಿ ಹೇಳ್ತದೆ. ಮಾಮೂಲಿ ಚೆಸ್ಸಲ್ಲಿ ಶುರುವಿಗೆ 20 ನಡೆ, ಎಂಟು ಕಾಲಾಳಿಗೆ ಎರಡೆರಡು, ಎರಡು ಕುದುರೆಗೆ ಎರಡೆರಡು. ಅಜ್ಜನ ಆಟದಲ್ಲಿ ಕಾಲಾಳಿಗೆ ಒಂದೊಂದೇ, ಹಾಗಾಗಿ 12 ಬರಬೇಕು. ನಂದು ಬಂದಿದ್ದು 20. ತಲೆ ಕೆರ್ಕೊಂಡೆ, ಎಂಜಿನ್ನಿಗೆ ಬೈದೆ, ಅರ್ಧ ಗಂಟೆ ಹೋಯ್ತು. ಆಮೇಲೆ ಫೈಲ್ ಚೆಕ್ ಮಾಡೋ ಕಮಾಂಡ್ ಒಂದಿದೆ ಅಂತ ನೆನಪಾಗಿ ಹಾಕಿದ್ರೆ ಡಬಲ್ ಅನ್ನೋ ಸ್ಪೆಲ್ಲಿಂಗೇ ನಾನು ತಪ್ಪು ಬರೆದಿದ್ದೆ. ಸರಿ ಮಾಡಿದ ಮೇಲೆ 12. ಎರಡು ನಡೆ ಆಳಕ್ಕೆ ಎಣಿಸಿದ್ರೆ ಹನ್ನೆರಡು ಹನ್ನೆರಡಲ 144, ಮಾಮೂಲಿ ಆಟದಲ್ಲಿ ಅದು 400. ಆವಾಗ ಸಮಾಧಾನ ಆಯ್ತು ನೋಡಿ. ಯಾರೇ ಆಗ್ಲಿ ಸ್ವಂತ ರೂಲ್ಸ್ ಹಾಕೋದಾದ್ರೆ ಮೊದಲು ಇದನ್ನ ಮಾಡಿ, ಎಂಜಿನ್ ಎಷ್ಟು ಸ್ಟ್ರಾಂಗ್ ಅನ್ನೋದೆಲ್ಲ ಆಮೇಲೆ.

ಮುಂದಿನ ಟೆಸ್ಟು ಅಪ್ಪನ ಜೊತೆ. ಅಪ್ಪ ಮರದ ಬೋರ್ಡ್ ತಂದು ಊಟದ ಟೇಬಲ್ ಮೇಲೆ ಹರಡಿದ್ರು, ಅದರಲ್ಲಿ ಎ ಬಿ ಸಿ ಅಂತೆಲ್ಲ ಇಲ್ಲ, ನಾನೇ ಪೆನ್ಸಿಲ್ಲಲ್ಲಿ ಅಂಚಿಗೆ ಬರ್ಕೊಂಡೆ. ಮಾಮೂಲಿ ಚೆಸ್ಸಲ್ಲಿ ಬಿಳಿಯವನು ಎರಡು ದಡ್ಡ ನಡೆ ಆಡಿದ್ರೆ ಮಂತ್ರಿ ಎಚ್4ಗೆ ಬಂದು ಮೇಟ್ ಆಗ್ತದಲ್ಲ, ಒಂದೇ ಮನೆ ನಡೆಯೋ ಕಾಲಾಳಲ್ಲಿ ಅದಕ್ಕೆ ಮೂರು ದಡ್ಡ ನಡೆ ಬೇಕು, ಎಫ್ ಕಾಲಾಳು ಒಂದು, ಜಿ ಕಾಲಾಳು ಎರಡು. ಅದನ್ನ ಎಂಜಿನ್ನಿಗೆ ಹಾಕಿದೆ, ಎಂಟರ್ ಒತ್ತೋದ್ರೊಳಗೆ ಮೇಟ್ 1 (ಒಂದೇ ನಡೇಲಿ ಮೇಟ್), ಮಂತ್ರಿ ಡಿ8ರಿಂದ ಎಚ್4 ಅಂತ ಬಂತು. ಆಮೇಲೆ ಫೈಲಲ್ಲಿ ಇನ್ನೊಂದು ಸಾಲು ಸೇರಿಸಿ ಕಪ್ಪಿನ ರಾಜ ಮಂತ್ರಿ ಜಾಗ ಅದಲುಬದಲು ಮಾಡಿದೆ, ಅಜ್ಜನ ಜೋಡಣೆ ಬರಬೇಕಲ್ಲ. ಈಗ ಅದೇ ನಡೆಗಳು ಹಾಕಿದ್ರೆ ಮೇಟ್ ಇಲ್ಲ! ಮಂತ್ರಿ ಇ8ರಲ್ಲಿ ಕೂತಿದ್ದಾನೆ, ಒಂದೇ ನಡೇಲಿ ಎಚ್4 ಮುಟ್ಟೋಕೆ ಅವನಿಗೆ ದಾರಿನೇ ಇಲ್ಲ.

ಅಪ್ಪ ಕನ್ನಡಕ ಮೇಲೇರಿಸ್ಕೊಂಡು ಬೋರ್ಡ್ ನೋಡ್ತಾ ಇದ್ರು.

"ಒಂಟೆ ಬಿಡೋ, ಮಂತ್ರಿ ಎಂತಕ್ಕೆ ಬೇಕು?"

ನನ್ನ ಟೆಸ್ಟಲ್ಲಿ ಕಪ್ಪಿನ ಎರಡನೇ ನಡೆ ಸುಮ್ಮನೆ ಮೂಲೆ ಕಾಲಾಳಿಗೆ ಕೊಟ್ಟಿದ್ದೆ. ಅದರ ಬದಲು ಒಂಟೇನ ಎಫ್8ರಿಂದ ಇ7ಗೆ ತಂದಿಟ್ರೆ, ಬಿಳಿಯವನ ಮೂರನೇ ದಡ್ಡ ನಡೆ ಆದ ತಕ್ಷಣ ಅದೇ ಒಂಟೆ ಎಚ್4ಗೆ ಹೋಗಿ ಮೇಟ್. ಟೈಪ್ ಮಾಡಿದೆ, ಎಂಜಿನ್ ಕೂಡ ಅದನ್ನೇ ಹೇಳ್ತು, ಮೇಟ್ 1, ಇ7 ಎಚ್4. ಅಪ್ಪನಿಗೆ ಭಾರೀ ಖುಷಿ, ಕಂಪ್ಯೂಟರ್ ತನ್ನ ಮಾತು ಒಪ್ಕೊಳ್ತು ಅಂತ ಅಮ್ಮನ್ನ ಅಡುಗೆಮನೆಯಿಂದ ಕರೆದು ತೋರಿಸಿದ್ರು.

ಆ ಖುಷಿ ಪೂರ್ತಿ ಆಟ ಶುರುವಾಗೋ ತನಕ ಅಷ್ಟೇ. ಅಜ್ಜನ ಆಟಕ್ಕೆ ಅಂತ ಟ್ರೇನ್ ಮಾಡಿದ ನ್ಯೂರಲ್ ನೆಟ್‌ವರ್ಕ್ ಎಲ್ಲೂ ಇಲ್ಲ, ಹಾಗಾಗಿ ಇಲ್ಲಿ ಎಂಜಿನ್ ತನ್ನ ಹಳೇ ಸ್ಟೈಲಿನ ಲೆಕ್ಕಾಚಾರದಲ್ಲೇ ಆಡ್ತದೆ. ಆದ್ರೂ ನಮ್ಮಂಥವರಿಗೆ ಅದು ಧಾರಾಳ. ಸ್ಕಿಲ್ ಲೆವೆಲ್ ಮೈನಸ್ 20ರಿಂದ 20ರ ತನಕ ಇದೆ, ಫುಲ್ಲಲ್ಲಿ ಬಿಟ್ರೆ ಅಪ್ಪನ ಆನೆ ಎರಡೂ ಮನೆ ಬಿಟ್ಟು ಹೊರಗೆ ಬರೋ ಮೊದಲೇ ಆಟ ಮುಗೀತು, ಮೈನಸ್ 10ಕ್ಕೆ ಇಳಿಸಿದ ಮೇಲೆ ಆಡೋ ಹಾಗಾಯ್ತು. ಒಂದು ವಿಷಯ ಗಮನಿಸಿದೆ, ಎಂಜಿನ್ನಿಗೆ ಎಂಜಿನ್ನೇ ಎದುರು ಕೂರಿಸಿದ್ರೆ ಶುರುವಿನ ಎಷ್ಟೋ ನಡೆ ಯಾರೂ ಯಾರನ್ನೂ ಮುಟ್ಟಲ್ಲ, ಎರಡೂ ಕಡೆ ನಿಧಾನಕ್ಕೆ ಗೋಡೆ ಕಟ್ಕೊಂಡು ಕೂರ್ತವೆ, ಥೇಟ್ ಅಜ್ಜ ಮತ್ತೆ ಪಕ್ಕದ್ಮನೆ ಭಟ್ರು ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಂಡು ಮಧ್ಯಾಹ್ನ ಪೂರ್ತಿ ಆಡ್ತಿದ್ರಲ್ಲ ಹಾಗೆ. ಅಜ್ಜನಿಗೆ ಆಡೋಕೆ ಬರಲ್ಲ ಅದಕ್ಕೇ ಸ್ಲೋ ಅಂತ ನಾನು ಆಡ್ಕೊಂಡಿದ್ದುಂಟು, ತಪ್ಪಾಯ್ತು.

ಕೊರತೆ ಇಲ್ಲ ಅಂತಲ್ಲ. ಇದು ಬರೀ ಎಂಜಿನ್, ಬೋರ್ಡು ಗೀರ್ಡು ಏನೂ ಬರಲ್ಲ, ಓಪನ್ ಮಾಡಿದ್ರೆ ಕಪ್ಪು ಕಿಟಕಿ ಒಂದು ತೆರ್ಕೊಂಡು ಸುಮ್ಮನೆ ನಿಮ್ಮ ಮುಖ ನೋಡ್ತದೆ. ಚೆಂದದ ಬೋರ್ಡ್ ಬೇಕಂದ್ರೆ ವಿನ್‌ಬೋರ್ಡ್ ಅಥವಾ ಲೈಗ್ರೌಂಡ್ ಥರದ್ದು ಬೇರೆ ಹಾಕ್ಕೋಬೇಕು. ಅಪ್ಪನಂಥವರ ಕೈಗೆ ಸೀದಾ ಕೊಡೋ ವಸ್ತು ಇದಲ್ಲ. ಇನ್ನು ರಾಜನ ಕುದುರೆ ಜಿಗಿತ, ನಾನು ಅದನ್ನ ಬಿಟ್ಟೇ ಆಡಿಸಿದ್ದು. ಕಾಂಬೋಡಿಯಾದ ಚೆಸ್ ಇದರೊಳಗೆ ರೆಡಿ ಇದೆ, ಅಲ್ಲೂ ರಾಜ ಕುದುರೆ ಥರ ಹಾರ್ತಾನೆ, ನೋಡಿ ಭಾಳ ಖುಷಿಯಾಗಿತ್ತು, ಆದ್ರೆ ಅಲ್ಲಿ ಅದು ರಾಜನ ಮೊದಲ ನಡೆಗೆ ಮಾತ್ರ, ಮುಂದಿನ ಸಾಲಿಗೆ ಮಾತ್ರ. ನಮ್ಮದು ಚೆಕ್ ಬೀಳೋ ತನಕ ಯಾವಾಗ ಬೇಕಾದ್ರೂ, ಎತ್ತ ಬೇಕಾದ್ರೂ. ತಾಳೆ ಆಗಲ್ಲ.

ಎತ್ತ ಬೇಕಾದ್ರೂ ಅಂತ ಅಪ್ಪ ಹೇಳಿದ್ದು. ಕನ್ಫರ್ಮ್ ಮಾಡ್ಕೊಳ್ಳೋಣ ಅಂತ ಸಾಗರದಲ್ಲಿರೋ ಚಿಕ್ಕಪ್ಪಂಗೆ ಫೋನ್ ಹಾಕಿದೆ, ಅವ್ರು "ಯಾರು ಹೇಳಿದ್ದು ನಿಂಗೆ? ಹಾರುವಾಗ ಎದುರಿನ ಕಾಯಿ ಹೊಡೆಯೋ ಹಾಗಿಲ್ಲ, ಖಾಲಿ ಮನೆಗೆ ಮಾತ್ರ" ಅಂದ್ರು. ಅಪ್ಪ ಫೋನ್ ಕಿತ್ಕೊಂಡು ಜಗಳಕ್ಕೇ ನಿಂತ್ರು, ಯಾವುದೋ ದೀಪಾವಳಿಗೆ ಅಜ್ಜ ಹಾಗೆ ಹಾರಿ ಭಟ್ರ ಆನೆ ಹೊಡೆದಿದ್ದಕ್ಕೆ ತಾನೇ ಸಾಕ್ಷಿ ಅಂತೆ. ಭಟ್ರನ್ನ ಕೇಳೋಣ ಅಂದ್ರೆ ಅವ್ರೂ ಇಲ್ಲ. ಹಾಗಾಗಿ ಫೈಲಲ್ಲಿ ಎರಡು ಹೆಸರು ಹಾಕಿ ಇಟ್ಟಿದ್ದೀನಿ, ಅಜ್ಜ 1, ಅಜ್ಜ 2, ಜಿಗಿತದ ಸಾಲು ಎರಡರಲ್ಲೂ ಖಾಲಿ.

ಐದಕ್ಕೆ ನಾಲ್ಕೂವರೆ ಸ್ಟಾರ್. ಕಮಾಂಡ್ ಟೈಪ್ ಮಾಡೋಕೆ ಹೆದರೋರಿಗಾದ್ರೆ ಮೂರು.